ಮಾರಯ್ಯ ಮೇಷ್ಟ್ರ ಹೆಸರಿನಲ್ಲಿ ಒಂದು ಫಾರಂ

ಇಂದ್ರಾಣಿ ಈ ಸಂಗತಿಯನ್ನು ನನಗೆ ಒಂದೇ ಸಲಕ್ಕೆ ಹೇಳಲಿಲ್ಲ. ಸೋಮವಾರ ಸಂಜೆ ನಾನು ನಂಜನಗೂಡಿನ ದೇವಸ್ಥಾನದಿಂದ ಹೊರಗೆ ಬರುವ ಹೊತ್ತಿಗೆ ಅವಳು ಹುಲ್ಲಹಳ್ಳಿ ಬಸ್ಸಿಳಿದು ಬರುತ್ತಿದ್ದಳು. ಕಪಿಲೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದೆವು. ಅವಳ ಮನೆಯ ಗೋಡೆಯ ಮೇಲಿರುವುದು ಬುದ್ಧನ ಪಟ. ಆದರೂ ನಾನು ಕೊಟ್ಟ ಪ್ರಸಾದವನ್ನು ಬಾಯಿಗೆ ಹಾಕಿಕೊಂಡು ಕೈಯನ್ನು ತಲೆಗೆ ಸವರಿಕೊಳ್ಳುತ್ತಿದ್ದಳು. ಒಂದು ವಾರ ಒಂದು ಮಾತು, ಇನ್ನೊಂದು ವಾರ ಇನ್ನೊಂದು. ಹಾಗೆ ಕೇಳಿದ್ದನ್ನು ಜೋಡಿಸಿ ಬರೆಯುತ್ತಿದ್ದೇನೆ.

ಅವಳು ಬನ್ನೂರಿನ ಕಡೆಯವಳು. ಅಪ್ಪ ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವ ಕೆಲಸದಲ್ಲಿದ್ದವರು. ಮನೆಯಲ್ಲಿ ಮೊದಲು ಸರ್ಕಾರಿ ಕೆಲಸ ಹಿಡಿದವಳು ಇವಳೇ. ಇಪ್ಪತ್ತನಾಲ್ಕನೇ ವಯಸ್ಸಿಗೆ ಹುಲ್ಲಹಳ್ಳಿಯಿಂದ ಆಚೆ, ನಾಲೆಯ ಪಕ್ಕದ ಒಂದು ಹಳ್ಳಿಯ ಶಾಲೆಗೆ ಬಂದಳು. ಅಲ್ಲಿ ಆಗಲೇ ಮಾರಯ್ಯ ಮೇಷ್ಟ್ರು ಇದ್ದರು. ಅವರ ಊರು ನರಸೀಪುರದ ಹತ್ತಿರ. ದಿನಾ ಎರಡು ಬಸ್ಸು ಹತ್ತಿ ಬರುತ್ತಿದ್ದರು. ಇಬ್ಬರ ತರಗತಿಗಳ ನಡುವೆ ಇದ್ದದ್ದು ಎದೆಮಟ್ಟದ ಗೋಡೆ. ಮೊದಲ ಎರಡು ವರ್ಷ ತಾನು ಪಾಠ ಮಾಡಿದ್ದಕ್ಕಿಂತ ಗೋಡೆಯ ಆಚೆಯ ಪಾಠ ಕೇಳಿದ್ದೇ ಹೆಚ್ಚು ಎಂದು ಇಂದ್ರಾಣಿ ಹೇಳುತ್ತಾಳೆ.

ಮೇಷ್ಟ್ರ ಬೀರುವಿನಲ್ಲಿ ಒಂದು ಸೇರು, ಅದರ ಅರ್ಧ ಹಿಡಿಯುವ ಒಂದು ಅಚ್ಚೇರು, ಕಾಲು ಹಿಡಿಯುವ ಒಂದು ಪಾವು ಇದ್ದವು. ಭಿನ್ನರಾಶಿ ಪಾಠದ ದಿನ ಅಡುಗೆ ಕೋಣೆಯಿಂದ ಅಕ್ಕಿ ಬರುತ್ತಿತ್ತು. ಮಕ್ಕಳು ಅಳೆದು, ಸುರಿದು, ಮತ್ತೆ ಅಳೆದು, ಕೊನೆಗೆ ಅದೇ ಅಕ್ಕಿ ಮಧ್ಯಾಹ್ನದ ಅನ್ನಕ್ಕೆ ಹೋಗುತ್ತಿತ್ತು.

ಮೇಷ್ಟ್ರಿಗೆ ಬರದಿದ್ದ ಒಂದೇ ಕೆಲಸ ಫೋನಿನಲ್ಲಿ ಫಾರಂ ತುಂಬುವುದು. ಈಗ ಶಾಲೆಗಳಲ್ಲಿ ಎಲ್ಲದಕ್ಕೂ ಒಂದು ಫಾರಂ ಇರುತ್ತದೆ. ತರಬೇತಿಗೊಂದು, ಚುನಾವಣೆ ಡ್ಯೂಟಿಗೊಂದು, ಮೊಟ್ಟೆ ಕೊಟ್ಟದ್ದಕ್ಕೊಂದು. ವಯಸ್ಸಾದವರ ಫಾರಂಗಳನ್ನು ಚಿಕ್ಕವರು ತುಂಬಿಕೊಡುವುದು ಎಲ್ಲ ಶಾಲೆಗಳಲ್ಲೂ ನಡೆದು ಬಂದ ರೂಢಿ. ಅದನ್ನು ಯಾರೂ ತಪ್ಪೆಂದುಕೊಳ್ಳುವುದಿಲ್ಲ. ಮೇಷ್ಟ್ರು ಫೋನನ್ನು ಗೋಡೆಯ ಮೇಲಿಂದ ಚಾಚಿ, "ಮಗಾ, ನಂದೂ ಒಂದ್ ಒತ್ಬುಡವ್ವ" ಎನ್ನುತ್ತಿದ್ದರು. ಇವಳು ತನ್ನದು ಮುಗಿಸಿ ಅವರದನ್ನೂ ಒತ್ತುತ್ತಿದ್ದಳು. ಜೊತೆಗಿದ್ದ ಹದಿನಾಲ್ಕು ವರ್ಷದಲ್ಲಿ, ಫೋನಿಗೆ ಫಾರಂ ಬಂದಾಗಿನಿಂದಲೂ ಹಾಗೇ ನಡೆಯಿತು.

ಕಳೆದ ಜುಲೈ ಹತ್ತರ ಸಂಜೆ ಮೇಷ್ಟ್ರು ಮನೆಯಿಂದ ಅವಳಿಗೆ ಫೋನ್ ಮಾಡಿದರು. ಅವಳು ಒಲೆಯ ಮುಂದಿದ್ದಳು.

"ಮಗಾ, ನಿನ್ನನ್ನ ಒಂದ್ ಕೇಳ್ಬೇಕಿತ್ತು."

"ಫಾರಂ ತಾನೆ ಸಾರ್? ನಾಳೆ ಬನ್ನಿ, ಒತ್ಕೊಡ್ತೀನಿ."

"ಆಯ್ತು ಬುಡವ್ವ, ನಾಳೆ."

ಮರುದಿನ ಬೆಳಗಿನ ಜಾವ ಅವರ ಎದೆಬಡಿತ ನಿಂತುಹೋಯಿತು. ಶಾಲೆಯವರೆಲ್ಲ ಹೋಗಿ ಮಣ್ಣು ಹಾಕಿ ಬಂದರು. ಅದಾದ ಮೇಲೆ ಇಂದ್ರಾಣಿಗೆ ಸಂಜೆ ಒಲೆ ಹಚ್ಚುವಾಗ ಫೋನ್ ಬಡಿದುಕೊಂಡರೆ ಇದ್ದದ್ದನ್ನು ಬಿಟ್ಟು ಓಡಿ ಎತ್ತುವುದು ರೂಢಿಯಾಯಿತು.

ಮೇಷ್ಟ್ರ ನಂಬರು ಮಾತ್ರ ಶಾಲೆಯಲ್ಲೇ ಉಳಿಯಿತು. ಹಿಂದೆ ಹತ್ತು ವರ್ಷ ಅವರೇ ಪ್ರಭಾರ ಮುಖ್ಯೋಪಾಧ್ಯಾಯರಾಗಿದ್ದರಿಂದ ಶಾಲೆಯ ಎಲ್ಲ ಓಟಿಪಿ ಅದಕ್ಕೇ ಬರುತ್ತಿತ್ತು. ಮನೆಯವರು ಫೋನನ್ನು ಇಟ್ಟುಕೊಂಡು ಸಿಮ್ಮನ್ನು ಶಾಲೆಗೆ ಕೊಟ್ಟರು. ಅದನ್ನು ಶಾಲೆಯ ಹಳೆಯ ಫೋನಿಗೆ ಹಾಕಿ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದರು. ಅದು ಬಡಿದುಕೊಂಡಾಗ ಐದನೇ ತರಗತಿಯ ಮಕ್ಕಳು, "ಮಿಸ್, ಮಾರಯ್ಯ ಮೇಷ್ಟ್ರು ಕೂಗ್ತಾವ್ರೆ" ಎಂದು ಬಂದು ಹೇಳುತ್ತಿದ್ದರು.

ನವೆಂಬರಿನಲ್ಲಿ ಇನ್ನೊಂದು ಫಾರಂ ಬಂತು. ಪಾಠದಲ್ಲಿ ಎಐ, ಅಂದರೆ ಕೃತಕ ಬುದ್ಧಿಮತ್ತೆಯನ್ನು ಬಳಸಲು ಶಿಕ್ಷಕರಿಗೆ ಎಷ್ಟು ಬರುತ್ತದೆ ಎಂದು ಅಳೆಯುವ ಫಾರಂ ಅದು. ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯವರು ಕಳಿಸಿದ್ದರು. ಮೊದಲ ಭಾಗದಲ್ಲಿ ಮೂವತ್ತು ಪ್ರಶ್ನೆ, ತನಗೆ ತಾನೇ ಒಂದರಿಂದ ಐದರವರೆಗೆ ಅಂಕ ಕೊಟ್ಟುಕೊಳ್ಳಬೇಕು. ಎರಡನೇ ಭಾಗದಲ್ಲಿ ತರಗತಿಯ ಸನ್ನಿವೇಶಗಳು. ಅದಕ್ಕೆ ಬರೆದು ಉತ್ತರಿಸಬೇಕು.

ಸುತ್ತಲಿನ ಶಾಲೆಗಳ ಗುಂಪನ್ನು, ಅಂದರೆ ಕ್ಲಸ್ಟರನ್ನು, ನೋಡಿಕೊಳ್ಳುವ ಗಂಗಾಧರಸ್ವಾಮಿ ಹುಲ್ಲಹಳ್ಳಿಯ ಸಭೆಯಲ್ಲಿ ಉಪಾಯ ಹೇಳಿದ. "ಎಲ್ಲದಕ್ಕೂ ನಾಲ್ಕು ಒತ್ಬುಡಿ. ಐದು ಒತ್ತಿದ್ರೆ ತರಬೇತಿ ಕೊಡಕ್ ಕರೀತಾರೆ, ಮೂರು ಒತ್ತಿದ್ರೆ ತರಬೇತಿ ತಗೊಳಕ್ ಕರೀತಾರೆ. ನಾಲ್ಕು ಒತ್ತಿದೋನು ಮನೇಲಿರ್ತಾನೆ."

"ಬರೆಯೋದು?" ಎಂದು ಯಾರೋ ಕೇಳಿದರು.

"ಪ್ರಶ್ನೇನ ಎಐಗೇ ಕೇಳಿ. ಅದರ ಬಗ್ಗೆ ಅದಕ್ಕಿಂತ ಚೆನ್ನಾಗಿ ಯಾರಿಗ್ ಗೊತ್ತು?"

ಎಲ್ಲರೂ ನಕ್ಕರು, ಎಲ್ಲರೂ ಹಾಗೇ ಮಾಡಿದರು. ಇಂದ್ರಾಣಿಯೂ ಮಾಡಿದಳು. ನಾಲ್ಕು ನಿಮಿಷದಲ್ಲಿ ಅವಳದು ಮುಗಿಯಿತು.

ಕೊನೆಯ ದಿನ ಮಧ್ಯಾಹ್ನ ಗಂಗಾಧರಸ್ವಾಮಿ ಫೋನ್ ಮಾಡಿದ. ಶಾಲೆಯಲ್ಲಿ ಒಂದು ಬಾಕಿ ತೋರಿಸುತ್ತಿದೆ, ಐದು ಗಂಟೆಯೊಳಗೆ ಕ್ಲಸ್ಟರು ನೂರಕ್ಕೆ ನೂರಾಗಬೇಕು ಎಂದ. ನೋಡಿದರೆ ಬಾಕಿ ಇದ್ದದ್ದು ಮಾರಯ್ಯ ಮೇಷ್ಟ್ರದ್ದು. ಪಟ್ಟಿಯಿಂದ ಅವರ ಹೆಸರನ್ನು ಯಾರೂ ತೆಗೆದಿರಲಿಲ್ಲ.

ಮುಖ್ಯೋಪಾಧ್ಯಾಯ ಬಸವೇಶ್ ಡ್ರಾಯರ್ ತೆಗೆದು ಫೋನನ್ನು ಅವಳ ಮುಂದೆ ಇಟ್ಟರು. "ಈಗ ಪಟ್ಟಿ ತಿದ್ದೋಕೆ ಹೋದ್ರೆ ಒಂದು ತಿಂಗಳು. ಅದನ್ನೂ ಒತ್ತಿ ಮುಗಿಸಿಬಿಡಿ ಮೇಡಂ. ನೀವು ಅವರದ್ದು ಒತ್ತೋದು ಹೊಸದೇನಲ್ವಲ್ಲ."

ಹೊಸದಲ್ಲ. ಅದೇ ತೊಡಕಾಯಿತು. ಕೈ ತಾನಾಗಿಯೇ ಫೋನ್ ತೆಗೆದುಕೊಂಡಿತು. ಡ್ರಾಯರಿನ ಫೋನಿಗೆ ಓಟಿಪಿ ಬಂತು. ಪರದೆಯ ಮೇಲೆ "ಸ್ವಾಗತ, ಮಾರಯ್ಯ ಅವರೇ" ಎಂದು ಬಂತು.

ಮೊದಲ ಪ್ರಶ್ನೆಗೆ ನಾಲ್ಕು ಒತ್ತಲು ಹೋದಳು. ಆಗಲಿಲ್ಲ. 'ಪಾಠಕ್ಕೆ ಎಐ ಬಳಸುತ್ತೇನೆ' ಎಂಬುದಕ್ಕೆ ಮೇಷ್ಟ್ರು ನಾಲ್ಕು ಎನ್ನುವವರಲ್ಲ. ಒಂದು ಒತ್ತಿದಳು. 'ಅದು ಹೇಳಿದ್ದು ಸರಿಯೇ ಎಂದು ಪರೀಕ್ಷಿಸುತ್ತೇನೆ' ಎಂಬುದಕ್ಕೆ ಐದು. ಅವರು ಅಚ್ಚಾದ ಪುಸ್ತಕವನ್ನೂ ಪರೀಕ್ಷಿಸುತ್ತಿದ್ದವರು. ಹೀಗೆ ಒಂದೊಂದನ್ನೂ ಓದಿ, ಗೋಡೆಯ ಆಚೆ ಅವರಿದ್ದರೆ ಏನೆನ್ನುತ್ತಿದ್ದರು ಎಂದು ಕಿವಿಗೊಟ್ಟು ಒತ್ತುತ್ತಾ ಹೋದಳು.

ಬರೆಯುವ ಭಾಗದಲ್ಲಿ ಒಂದು ಸನ್ನಿವೇಶ ಹೀಗಿತ್ತು. ಒಂದು ಮಗು ಅರ್ಧಕ್ಕೆ ಕಾಲು ಕೂಡಿಸಿ ಆರರಲ್ಲಿ ಎರಡು ಎಂದು ಬರೆದಿದೆ. ಎಐ ಅದನ್ನು ತಿದ್ದಿ, 'ತಪ್ಪು, ಇನ್ನಷ್ಟು ಅಭ್ಯಾಸ ಮಾಡು' ಎಂದು ಹೇಳಿ ಅದೇ ತರದ ಹತ್ತು ಲೆಕ್ಕ ಕೊಟ್ಟಿದೆ. ಈಗ ನೀವೇನು ಮಾಡುವಿರಿ?

ಇಂದ್ರಾಣಿ ಬರೆದಳು: 'ಹತ್ತು ಲೆಕ್ಕ ಕೊಟ್ಟರೆ ಮಗು ಹತ್ತು ಸಲ ಅದೇ ತಪ್ಪು ಮಾಡುತ್ತದೆ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿದೆ. ಅದರ ಕಣ್ಣಿಗೆ ಕಂಡದ್ದು ಅಷ್ಟೇ. ಯಂತ್ರ ಉತ್ತರ ನೋಡಿದೆ, ಮಗುವನ್ನು ನೋಡಿಲ್ಲ. ನಾನು ಅಚ್ಚೇರು ಅಕ್ಕಿಯನ್ನು ಸೇರಿಗೆ ಸುರಿಸಿ ಅದರ ಮೇಲೆ ಒಂದು ಪಾವು ಹಾಕಿಸುತ್ತೇನೆ. ಅರ್ಧಕ್ಕೆ ಕಾಲು ಹಾಕಿದ ಮೇಲೆ ಅರ್ಧಕ್ಕಿಂತ ಕಮ್ಮಿ ಆಯಿತೇ ಮಗಾ ಎಂದು ಕೇಳುತ್ತೇನೆ. ಸುರಿದು ನೋಡು, ನನ್ನನ್ನು ನಂಬಬೇಡ ಎನ್ನುತ್ತೇನೆ.'

ಕೊನೆಯ ವಾಕ್ಯ ಮೇಷ್ಟ್ರದ್ದಲ್ಲ, ತಾನೇ ಸೇರಿಸಿದ್ದು ಎಂದು ಅವಳು ಅಂದುಕೊಂಡಿದ್ದಳು. ಕಳಿಸು ಎಂಬುದನ್ನು ಒತ್ತಿ ತಲೆ ಎತ್ತಿದಾಗ ನಾಲ್ಕೂವರೆ. ಮಕ್ಕಳು ಹೋಗಿಯಾಗಿತ್ತು. ಎರಡು ಗಂಟೆ ಕೂತಿದ್ದಳು. ಜುಲೈಯಿಂದ ಎದೆಯ ಮೇಲಿದ್ದ ಭಾರ ಸ್ವಲ್ಪ ಇಳಿದಂತಿತ್ತು. ಕೇಳಿದ್ದ ಫಾರಂ ತಡವಾಗಿಯಾದರೂ ತುಂಬಿಕೊಟ್ಟೆ ಎಂದು ಅನ್ನಿಸಿತಂತೆ.

ಇಪ್ಪತ್ತು ದಿನ ಕಳೆದ ಮೇಲೆ ಡ್ರಾಯರಿನ ಫೋನ್ ಬಡಿದುಕೊಂಡಿತು. ಬಸವೇಶ್ ಇರಲಿಲ್ಲ, ಇಂದ್ರಾಣಿಯೇ ಎತ್ತಿದಳು. ಆ ಕಡೆ ಚಿಕ್ಕ ವಯಸ್ಸಿನ ಹೆಣ್ಣು ದನಿ.

"ನಮಸ್ಕಾರ, ನಾನು ನಂದಿತಾ ಅಂತ, ಮೈಸೂರಿಂದ. ಶಿಕ್ಷಕರ ಎಐ ಸಮೀಕ್ಷೆ ಮಾಡ್ತಿರೋದು ನಾವೇ. ಮಾರಯ್ಯ ಸರ್ ಇದಾರಾ?"

ಇಲ್ಲ ಎನ್ನಬೇಕಿತ್ತು. ಆ ಹೊತ್ತಿಗೆ ಗೋಡೆಯ ಆಚೆ, ಮೇಷ್ಟ್ರಿಲ್ಲದ ತರಗತಿಯಲ್ಲಿ, ಮಕ್ಕಳು ಬೀರುವಿನಿಂದ ಸೇರು ಪಾವು ತೆಗೆದುಕೊಂಡು ಮರಳು ಅಳೆಯುತ್ತಿದ್ದರು. "ಎರಡು ಪಾವು ಒಂದು ಅಚ್ಚೇರು, ಎರಡು ಅಚ್ಚೇರು ಒಂದು ಸೇರು" ಎಂದು ಕೂಗುತ್ತಿದ್ದರು.

"ಪಾಠ ಮಾಡ್ತಿದಾರೆ" ಎಂದುಬಿಟ್ಟಳು.

"ಕೇಳಿಸ್ತಿದೆ" ಎಂದು ನಂದಿತಾ ನಕ್ಕಳು. "ತೊಂದರೆ ಕೊಡಬೇಡಿ. ಅವರ ಉತ್ತರ ನಮ್ಮಲ್ಲಿ ಎಲ್ಲರೂ ಓದಿದ್ವಿ. ನಾಲ್ಕನೇ ಹಂತ ಬಂದಿದೆ, ಅದಕ್ಕಿಂತ ಮೇಲಿಲ್ಲ. ಶನಿವಾರ ನಂಜನಗೂಡಿನಲ್ಲಿ ಎರಡನೇ ಸುತ್ತು ಇದೆ, ಬರೋಕೆ ಹೇಳಿ. ಅವರೇ ಮುಂದೆ ಬೇರೆಯವರಿಗೆ ಕಲಿಸಬೇಕು ಅಂತ ನಮ್ಮಾಸೆ."

ವಿಷಯ ಕೇಳಿ ಬಸವೇಶ್ ಗಲ್ಲ ಕೆರೆದುಕೊಂಡರು. "ಅನಾರೋಗ್ಯ, ರಜೆ ಅಂತ ಒಂದು ಚೀಟಿ ಕೊಟ್ಬಿಡೋಣ."

"ಸತ್ತವರಿಗೆ ಅನಾರೋಗ್ಯವಾ ಸಾರ್?"

"ಮತ್ತೇನು, ಸತ್ತೋರು ಫಾರಂ ತುಂಬಿದ್ರು ಅಂತ ಬರೆದು ಕೊಡ್ತೀರಾ? ನಿಮ್ಮ ಸರ್ವಿಸ್ ಪುಸ್ತಕಕ್ಕೆ ಕಪ್ಪು ಚುಕ್ಕೆ ಬೀಳತ್ತೆ ಮೇಡಂ." ಬಾಗಿಲವರೆಗೆ ಹೋಗಿ ತಿರುಗಿ, "ಏನೇ ಮಾಡಿ, ನನ್ನ ಹೆಸರು ಮಾತ್ರ ತರಬೇಡಿ" ಎಂದರು.

ಅಂದು ಸಂಜೆಯೇ ನರಸೀಪುರದ ಕಡೆಯಿಂದ ಮೇಷ್ಟ್ರ ಹೆಂಡತಿ ಮರಿತಾಯಮ್ಮ ಫೋನ್ ಮಾಡಿದರು. ಫಾರಂನಲ್ಲಿ ಎರಡನೇ ನಂಬರು ಅವರದ್ದಿತ್ತು. ಅದಕ್ಕೂ ಸಂದೇಶ ಹೋಗಿತ್ತು, ಮಗಳು ಕೋಮಲ ಓದಿ ಹೇಳಿದ್ದಳು.

"ಏನವ್ವ ಇಂದ್ರಾಣಿ, ನಿಮ್ ಮೇಷ್ಟ್ರನ್ನ ಶನಿವಾರ ಬಾ ಅಂತ ಕರ್ದವ್ರಂತಲ್ಲ. ಎಲ್ಲಿಂದ ಕರ್ಕಂಡ್ ಬರ್ಲಿ?"

ನಾನೇ ಬಂದು ಹೇಳುತ್ತೇನೆ ಎಂದಳು ಇಂದ್ರಾಣಿ. ಗುರುವಾರ ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದಳು. ಮೇಷ್ಟ್ರು ದಿನಾ ಬರುತ್ತಿದ್ದ ದಾರಿಯೇ. ಪ್ರತಿ ನಿಲ್ದಾಣದಲ್ಲೂ ಹತ್ತುವವರ ಮುಖ ನೋಡಿದೆ, ಯಾಕೆಂದು ಕೇಳಬೇಡಿ ಎಂದಳು ನನಗೆ.

ಮನೆಯ ನಡುಮನೆಯಲ್ಲಿ ಬಾಬಾಸಾಹೇಬರ ಪಟದ ಪಕ್ಕದಲ್ಲೇ ಮೇಷ್ಟ್ರ ಪಟ ಹಾಕಿದ್ದರು. ಇಂದ್ರಾಣಿ ಅದಕ್ಕೆ ಬೆನ್ನು ಹಾಕಿ ಕೂತು ಎಲ್ಲವನ್ನೂ ಹೇಳಿದಳು. ಫಾರಂ ತುಂಬಿದ್ದು, ಪಾಠ ಮಾಡ್ತಿದಾರೆ ಎಂದದ್ದು, ರಜೆ ಚೀಟಿಯ ಮಾತು. ಮರಿತಾಯಮ್ಮ ಅವರೆಕಾಯಿ ಸುಲಿಯುತ್ತಾ ಕೇಳಿದರು.

"ಅಲ್ಲಿ ಎಸ್ರು ಕೂಗ್ತಾರಾ?"

"ಕೂಗ್ತಾರೆ ಅಕ್ಕ."

"ಕೂಗ್ದಾಗ ಯಾರೂ ಏಳ್ದಿದ್ರೆ?"

"ಗೈರುಹಾಜರಿ ಅಂತ ಬರ್ಕೊಳ್ತಾರೆ."

ಕಾಯಿ ಸುಲಿಯುವ ಕೈ ನಿಂತಿತು. "ಇಪ್ಪತ್ತೊಂಬತ್ ವರ್ಸ ಗೈರಾಜರಾದೋರಲ್ಲ ಕಣವ್ವ. ಮಗಳಿಗೆ ಜ್ವರ ಬಂದಾಗ್ಲೂ ಇಸ್ಕೂಲ್ಗೆ ಓದೋರು. ನೀವ್ ಜೀವ ಇದೆ ಅಂತ ಬರ್ದು, ಆಮೇಕೆ ಬರ್ನಿಲ್ಲ ಅಂತ ಬರೀತೀರಾ? ಅವ್ರ್ ಪಾಡ್ಗೆ ಅವ್ರು ಮಲ್ಗವ್ರೆ. ನೀನ್ ಎಬ್ಸಿದೀಯ, ನೀನೇ ಮಲ್ಗಿಸ್ಬೇಕು."

ಬೈಗುಳದ ದನಿಯಲ್ಲ ಅದು. ಅದಕ್ಕೇ ಹೆಚ್ಚು ನಾಟಿತು.

ಕೋಮಲ ಒಳಗಿನಿಂದ ಒಂದು ನೋಟ್‌ಬುಕ್ ತಂದಳು. "ಅಕ್ಕ, ಅಪ್ಪನಿಗೆ ಎಐ ಗೊತ್ತೇ ಇರಲಿಲ್ಲ ಅಂದ್ಕೋಬೇಡಿ. ಬೇಸಿಗೆ ರಜೇಲಿ ನಾನೇ ಫೋನಿಗೆ ಹಾಕ್ಕೊಟ್ಟಿದ್ದೆ. ಶಾಲೆಲಿ ಹೇಳ್ಬೇಡ, ಮೊದ್ಲು ಅದಕ್ಕೆಷ್ಟು ಬತ್ತದೆ ನೋಡ್ತೀನಿ ಅಂದಿದ್ರು."

ಇಂದ್ರಾಣಿ ನೋಟ್‌ಬುಕ್ ತೆರೆದಳು. ಎಡ ಪುಟದಲ್ಲಿ ಮೇಷ್ಟ್ರು ಎಐಗೆ ಕೇಳಿದ ಪ್ರಶ್ನೆ, ತಾರೀಖಿನ ಸಮೇತ. ಬಲ ಪುಟದಲ್ಲಿ ಅದು ಕೊಟ್ಟ ಉತ್ತರವನ್ನು ಅಕ್ಷರ ಬಿಡದೆ ಇಳಿಸಿದ್ದರು. ಉತ್ತರದ ಮೇಲೆ ಕೆಂಪು ಶಾಯಿಯ ಗೀಟುಗಳು. ಕೆಳಗೆ ಅಂಕ. ಫಾರಂ ಕಳಿಸಿದವರು ಶಿಕ್ಷಕರನ್ನು ಅಳೆಯುವುದಕ್ಕೆ ಆರು ತಿಂಗಳ ಮುಂಚೆಯೇ ಮೇಷ್ಟ್ರು ಅದನ್ನು ಅಳೆಯುತ್ತಾ ಕೂತಿದ್ದರು.

ಹುಲ್ಲಹಳ್ಳಿ ಸೀಮೆಯ ಭತ್ತದ ಬಗ್ಗೆ ಕೇಳಿದ್ದಕ್ಕೆ ಅದು ಮಳೆ ನಂಬಿ ಬೆಳೆಯುತ್ತಾರೆ ಎಂದಿತ್ತು. ಅದರ ಕೆಳಗೆ, 'ಹತ್ತಕ್ಕೆ ಮೂರು. ನಾಲೆಯನ್ನು ಮರೆತಿದ್ದೀಯ.' ಇನ್ನೊಂದು ಕಡೆ, 'ಹತ್ತಕ್ಕೆ ಎಂಟು. ಅಕ್ಷರ ಮುದ್ದಾಗಿದೆ, ಮಾತು ಜಾಸ್ತಿ.' ಮತ್ತೊಂದು ಕಡೆ, 'ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು. ಹೊಡೆಯುವುದಿಲ್ಲ.'

"ಅದನ್ನೂ ಒಂದು ಹುಡುಗನ ತರ ಬೈಯೋರು" ಎಂದು ಕೋಮಲ ನಕ್ಕಳು.

ಇಂದ್ರಾಣಿಯೂ ನಗುತ್ತಿದ್ದಳು, ಜೂನ್ ತಿಂಗಳ ಒಂದು ಪುಟ ಬರುವವರೆಗೆ. ಅಲ್ಲಿ ಅರ್ಧಕ್ಕೆ ಕಾಲು ಕೂಡಿಸುವ ಲೆಕ್ಕ. ಎಐ ಉತ್ತರ ಸರಿಯಾಗಿಯೇ ಇತ್ತು. ಕೆಳಗೆ ಕೆಂಪು ಶಾಯಿಯಲ್ಲಿ, 'ಉತ್ತರ ಸರಿ, ಪಾಠವಿಲ್ಲ. ಮಗುವಿಗೆ ಹೀಗೆ ಹೇಳಬೇಕು: ಸುರಿದು ನೋಡು, ನನ್ನನ್ನು ನಂಬಬೇಡ.'

ಅವಳು ಪುಸ್ತಕ ಮುಚ್ಚಿದಳು. ಮೆಟ್ಟಿಲ ಮೇಲೆ ಅವಳು ಇದನ್ನು ಹೇಳಿದಾಗ, ಗೋಡೆಯ ಆಚೆ ಎಂದೋ ಕೇಳಿ ಮರೆತಿರಬಹುದು ಎಂದು ನಾನು ಹೇಳಿದೆ. ಇರಬಹುದು ಎಂದಳು. ಹದಿನಾಲ್ಕು ವರ್ಷ ಕೇಳಿದ್ದೇನೆ, ಆ ಮಾತು ಕೇಳಿದ ನೆನಪಿಲ್ಲ ಎಂದಳು. ದಿನಾ ದೀಪ ಹಚ್ಚುವವಳು ನಾನು. ಹೋದವರು ಎಲ್ಲಿರುತ್ತಾರೆ ಎಂಬುದು ನನಗೂ ಗೊತ್ತಿಲ್ಲ.

ಅಂದು ಆ ಮನೆಯಲ್ಲಿ ಅವಳು ಪುಸ್ತಕವನ್ನು ಮತ್ತೆ ತೆರೆದಾಗ ಕೊನೆಯ ಬರಹದ ತಾರೀಖು ಜುಲೈ ಹತ್ತು ಎಂದಿತ್ತು. ಪ್ರಶ್ನೆ: 'ಮಗುವಿಗೆ ನಿಜವಾಗಿ ಅರ್ಥವಾಯಿತು ಎಂದು ಮೇಷ್ಟ್ರಿಗೆ ಗೊತ್ತಾಗುವುದು ಹೇಗೆ?' ಬಲ ಪುಟದ ತುಂಬ ಉತ್ತರ ಇತ್ತು. ಅದರ ಮೇಲೆ ಒಂದು ಕೆಂಪು ಗೀಟೂ ಇರಲಿಲ್ಲ, ಅಂಕವೂ ಇರಲಿಲ್ಲ. ಅಂಕ ಹಾಕುವ ಜಾಗದಲ್ಲಿ ಸೀಸದ ಕಡ್ಡಿಯಲ್ಲಿ ಬರೆದಿದ್ದರು: 'ಇಂದ್ರಾಣಿಯನ್ನು ಕೇಳಬೇಕು.'

ಅಂದರೆ ಅದು ಫಾರಂ ಅಲ್ಲ. ಅವರು ಫೋನ್ ಮಾಡಿದ್ದು ಇದಕ್ಕೆ. ಅವಳು ನಾಳೆ ಎಂದಿದ್ದಳು.

ಶನಿವಾರ ನಂಜನಗೂಡಿನ ಸಭಾಂಗಣದಲ್ಲಿ ಐವತ್ತು ಜನ ಶಿಕ್ಷಕರಿದ್ದರು. ಎರಡನೇ ಸುತ್ತಿಗೆ ಆಯ್ಕೆಯಾದವರು ಆರೇ ಮಂದಿ. ಉಳಿದವರು ನೋಡಿ ಕಲಿಯಲು ಬಂದವರು. ಅವರಲ್ಲಿ ಇಂದ್ರಾಣಿಯೂ ಒಬ್ಬಳು. ಕೋಮಲ ಕೊಟ್ಟುಕಳಿಸಿದ್ದ ನೋಟ್‌ಬುಕ್ಕನ್ನು ಚೀಲದಲ್ಲಿ ಇಟ್ಟುಕೊಂಡಿದ್ದಳು. ಮುಂದಿನ ಮೇಜಿನ ಹಿಂದೆ ನಂದಿತಾ, ಅವಳ ಪಕ್ಕದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಮಹಾದೇವಸ್ವಾಮಿ, ಹಾಜರಿ ಪಟ್ಟಿಯೊಂದಿಗೆ. ಮೂರು ಹೆಸರಾದ ಮೇಲೆ ಅವರು ಕೂಗಿದರು.

"ಮಾರಯ್ಯ."

ಗಂಗಾಧರಸ್ವಾಮಿ ಕುರ್ಚಿಯಿಂದ ಅರ್ಧ ಎದ್ದ. "ಅವ್ರು ರಜೆ ಸಾ. ಉಷಾರಿಲ್ಲ."

ಮಹಾದೇವಸ್ವಾಮಿ ಪೆನ್ನು ಇಳಿಸುತ್ತಿದ್ದುದನ್ನು ಇಂದ್ರಾಣಿ ಕಂಡಳು. ಆ ಪೆನ್ನು ಕಾಗದ ಮುಟ್ಟುವುದಕ್ಕೆ ಮುಂಚೆ ಏಳಬೇಕು ಎಂಬುದೊಂದೇ ತಲೆಯಲ್ಲಿತ್ತಂತೆ.

"ರಜೆಯಲ್ಲ ಸಾರ್" ಎಂದು ಎದ್ದು ನಿಂತಳು. "ಗೈರುಹಾಜರಿ ಹಾಕಬೇಡಿ. ಅವರು ಜುಲೈ ಹನ್ನೊಂದನೇ ತಾರೀಖು ತೀರಿಹೋದರು. ಫಾರಂ ತುಂಬಿದವಳು ನಾನು."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನಂದಿತಾ ಅವಳನ್ನೇ ನೋಡಿದಳು.

"ಅವತ್ತು ಫೋನಲ್ಲಿ ಪಾಠ ಮಾಡ್ತಿದಾರೆ ಅಂದಿದ್ದು..."

"ಅದೂ ನಾನೇ."

"ಯಾರು ತುಂಬೋಕೆ ಹೇಳಿದ್ದು?" ಎಂದರು ಮಹಾದೇವಸ್ವಾಮಿ.

"ತುಂಬಿದವಳು ನಾನು ಸಾರ್."

ನಂದಿತಾ ಲ್ಯಾಪ್‌ಟಾಪ್‌ನಲ್ಲಿ ಏನೋ ಹುಡುಕಿದಳು. "ಮೇಡಂ, ನಿಮ್ಮ ಹೆಸರಲ್ಲೂ ಒಂದು ಫಾರಂ ಇದೆ. ಎಲ್ಲದಕ್ಕೂ ನಾಲ್ಕು. ಬರೆದಿರೋದು ಇನ್ನೂ ನಲವತ್ತೊಂದು ಜನರದ್ದರ ಹಾಗೇ ಇದೆ. ಮಾರಯ್ಯ ಅವರದ್ದು ನೀವು ಬರೆದಿದ್ದಾದರೆ, ಇದು ಯಾರದು?"

"ಅದು ಫೋನಿಂದು" ಎಂದಳು ಇಂದ್ರಾಣಿ.

ಸಭೆಯಲ್ಲಿ ನಗು ಏಳಬೇಕಿತ್ತು. ಆದರೆ ಆ ನಲವತ್ತೊಂದು ಜನರಲ್ಲಿ ಬಹಳಷ್ಟು ಮಂದಿ ಅಲ್ಲೇ ಕೂತಿದ್ದರು.

ಮಹಾದೇವಸ್ವಾಮಿ ಪಟ್ಟಿಯಲ್ಲಿ ಮೇಷ್ಟ್ರ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ನಿಧನ' ಎಂದು ಬರೆದು, ತಾರೀಖನ್ನು ಇಂದ್ರಾಣಿಯಿಂದ ಇನ್ನೊಮ್ಮೆ ಕೇಳಿ ಹಾಕಿದರು. ನಾಲ್ಕು ತಿಂಗಳಿಂದ ಆಗದಿದ್ದ ಕೆಲಸ ಅರ್ಧ ನಿಮಿಷದಲ್ಲಿ ಆಯಿತು. ಆ ಗೆರೆ ಎಳೆದು ಮುಗಿಯುವವರೆಗೂ ನಿಂತೇ ಇದ್ದೆ ಎಂದಳು. ಮೇಷ್ಟ್ರು ಹೋದರು ಎಂದು ಮಣ್ಣು ಹಾಕಿದ ದಿನ ಅನ್ನಿಸಿರಲಿಲ್ಲ, ಅಂದು ಅನ್ನಿಸಿತಂತೆ.

ನಂದಿತಾ ಅವಳಿಗೆ ಹೊಸ ಫಾರಂ ಕೊಟ್ಟಳು, ಈ ಸಲ ಕಾಗದದ್ದು. ನಿಮ್ಮದನ್ನು ನೀವೇ ತುಂಬಿ ಎಂದಳು. ಇಂದ್ರಾಣಿ ಕಿಟಕಿಯ ಪಕ್ಕ ಕೂತು ಮಧ್ಯಾಹ್ನದವರೆಗೆ ತುಂಬಿದಳು. ಬರೆಯುವ ಪ್ರಶ್ನೆಗಳು ಬಂದಾಗ ಕಿವಿಗೊಟ್ಟಳು. ಯಾವ ದನಿಯೂ ಬರಲಿಲ್ಲ. ತನಗೆ ಗೊತ್ತಿದ್ದಷ್ಟನ್ನು ಬರೆದಳು. ಎರಡು ಕಡೆ ಗೊತ್ತಿಲ್ಲ ಎಂದು ಬರೆದಳು.

ಕಾರಣ ಕೇಳಿ ನೋಟಿಸ್ ಬಂತು. ಉತ್ತರ ಕೊಟ್ಟಳು, ಬಸವೇಶರ ಹೆಸರು ಅದರಲ್ಲಿ ಇರಲಿಲ್ಲ. ಎಚ್ಚರಿಕೆ ಕೊಟ್ಟು ಬಿಟ್ಟರು, ಅದು ಸರ್ವಿಸ್ ಪುಸ್ತಕಕ್ಕೆ ಸೇರಿತು. ಸಮೀಕ್ಷೆಯಲ್ಲಿ ಅವಳಿಗೆ ಬಂದದ್ದು ಎರಡನೇ ಹಂತ.

"ಅವರಿಗೆ ನಾಲ್ಕು, ನನಗೆ ಎರಡು" ಎಂದಳು ಮೆಟ್ಟಿಲ ಮೇಲೆ ಕೂತು. "ಬರೆದ ಕೈ ಒಂದೇ ಅಲ್ವಾ ಅಕ್ಕ?"

ಈಗ ಶಾಲೆಯ ನಂಬರು ಬದಲಾಗಿದೆ. ಮೇಷ್ಟ್ರ ಸಿಮ್ಮನ್ನು ಅವಳೇ ತೆಗೆದುಕೊಂಡು ಹೋಗಿ ಮರಿತಾಯಮ್ಮನ ಕೈಗೆ ಕೊಟ್ಟಳು. ಅವರು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು, ನೋಟ್‌ಬುಕ್ಕನ್ನು ಮಾತ್ರ ವಾಪಸು ತೆಗೆದುಕೊಳ್ಳಲಿಲ್ಲವಂತೆ. "ನಿನ್ನ ಕೇಳ್ಬೇಕು ಅಂತ ಬರ್ದವ್ರೆ. ಉತ್ರ ಏಳೋಗಂಟ ನೀನೇ ಮಡೀಕೊ" ಎಂದರಂತೆ.

ಅವಳು ಈಗ ಎರಡು ತರಗತಿಯನ್ನೂ ನೋಡಿಕೊಳ್ಳುತ್ತಾಳೆ. ಗೋಡೆಯ ಆಚೆ ಹೋಗಿ ನಿಂತಾಗ ಈಚೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ ಎನ್ನುತ್ತಾಳೆ. ಪಾಠ ಮುಗಿದ ಮೇಲೆ ಒಬ್ಬೊಬ್ಬ ಮಗುವಿನ ಮುಖವನ್ನೂ ನೋಡುತ್ತಾಳೆ, ಅರ್ಥವಾಗಿದೆಯೇ ಎಂದು.

ಹೋದ ಸೋಮವಾರ ಅವಳು ನೋಟ್‌ಬುಕ್ ತೆರೆದು ಆ ಕೊನೆಯ ಪುಟವನ್ನು ನನಗೆ ತೋರಿಸಿದಳು. ಸೀಸದ ಕಡ್ಡಿಯ ಅಕ್ಷರ ಮಾಸುತ್ತಾ ಬಂದಿದೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಅವಳು ಒಂದು ಸಾಲು ಶುರು ಮಾಡಿದ್ದಳು. 'ಸಾರ್,' ಎಂದಿತ್ತು. ಮುಂದೆ ಏನೂ ಇರಲಿಲ್ಲ.